ಸಾಲ ಅಂತ ಬರೆಸಿದ ಅಪ್ಪ

ತೆರಿಗೆ ಇಲಾಖೆಯ ಲಕೋಟೆಯನ್ನು ಮೇಸ್ತ್ರಿ ಮೂರು ದಿನ ಫ್ರಿಜ್ಜಿನ ಮೇಲಿಟ್ಟು ಮರೆತಿದ್ದಳು. ಮರೆತಿದ್ದಳು ಎನ್ನುವುದು ಅವಳು ಗಂಡನಿಗೆ ಹೇಳಿದ ಮಾತು. ನಿಜಕ್ಕೂ ಫ್ರಿಜ್ಜು ತೆರೆದಾಗಲೆಲ್ಲ ಅವಳು ಆ ಕಂದು ಲಕೋಟೆಯನ್ನು ಇನ್ನಷ್ಟು ಹಿಂದಕ್ಕೆ ತಳ್ಳುತ್ತಿದ್ದಳು. ಒಳ್ಳೆಯ ಸುದ್ದಿ ಹೇಳಲು ಯಾವ ಸರ್ಕಾರವೂ ಅಂಚೆಚೀಟಿಗೆ ದುಡ್ಡು ಹಾಕುವುದಿಲ್ಲ ಎಂಬಷ್ಟು ತಿಳಿವಳಿಕೆ ಅವಳಿಗಿತ್ತು.

ಮೇಸ್ತ್ರಿ ಎಂದರೆ ಈ ಮನೆಯ ಸೊಸೆ. ದೊಡ್ಡ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಹದಿನಾಲ್ಕು ಜನರ ಮೇಲೆ ಅವಳ ಮೇಲ್ವಿಚಾರಣೆ. ದಿನಕ್ಕೆ ಸಾವಿರದ ಇನ್ನೂರು ಹಾಸುಬಟ್ಟೆ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ, ವಾರ್ಡುವಾರು ಕಟ್ಟಿ ಕಳಿಸಬೇಕು. ಅಲ್ಲಿನ ಗತ್ತನ್ನೇ ಮನೆಗೂ ತರುತ್ತಾಳೆಂದು ಗಂಡ ಇಟ್ಟ ಹೆಸರು ಅದು, ಹಾಗೆಯೇ ಅಂಟಿಕೊಂಡಿತ್ತು. ಗಂಡ ಲಿಫ್ಟ್ ರಿಪೇರಿ ಮಾಡುವವನು. ಎರಡು ಕೋಣೆಯ ಆ ಮನೆಯಲ್ಲಿ ಇನ್ನಿಬ್ಬರಿದ್ದರು. ಒಬ್ಬರು ಅತ್ತೆ. ಇನ್ನೊಬ್ಬಳು ಹದಿನೇಳರ ಮಗಳು. ಕಟ್ಟಡಗಳ ನಕ್ಷೆ ಬರೆಯುವ ಕೋರ್ಸಿಗೆ ಸೀಟು ಸಿಕ್ಕಿ, ಎರಡು ತಿಂಗಳಲ್ಲಿ ಮೊದಲ ಕಂತಿನ ಫೀಸು ಕಟ್ಟಬೇಕಾದವಳು.

ಲಕೋಟೆಯನ್ನು ಕೊನೆಗೆ ಒಡೆದವನು ಗಂಡ, ಸಂಜೆಯ ಊಟಕ್ಕೆ ಕೂತಾಗ. ಒಂದು ಸಲ ಓದಿದ, ಇನ್ನೊಂದು ಸಲ ಓದಿದ, ಆಮೇಲೆ ಆಲೂಗಡ್ಡೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಹೊರದೇಶದಲ್ಲಿರೋ ಅಪ್ಪ ಅಮ್ಮನ್ನ ಸಾಕ್ತಿದೀನಿ ಅಂತ ನಾಲ್ಕು ವರ್ಷದಿಂದ ತೆರಿಗೆಯಲ್ಲಿ ರಿಯಾಯಿತಿ ತಗೊಂಡಿದೀಯಲ್ಲ?"

"ಹೌದು. ಸಾಕ್ತಿದೀನಲ್ಲ."

"ಬ್ಯಾಂಕಿಂದ ದುಡ್ಡು ಕಳಿಸಿದ ಚೀಟಿಗಳನ್ನೆಲ್ಲ ತರಿಸಿ ನೋಡಿದಾರೆ ಇವರು. ಕಾರಣ ಅನ್ನೋ ಜಾಗದಲ್ಲಿ ಪ್ರತಿ ತಿಂಗಳೂ ಏನು ಬರೆದಿದೀಯ?"

ಮೇಸ್ತ್ರಿ ಅತ್ತೆಯ ಲೋಟಕ್ಕೆ ನೀರು ಬಗ್ಗಿಸಿದಳು.

"ಸಾಲ," ಎಂದು ಗಂಡನೇ ಓದಿ ಹೇಳಿದ. "ಎಲ್ಲದರಲ್ಲೂ ಸಾಲ. ಸಾಲ ಕೊಟ್ಟೋರಿಗೆ ರಿಯಾಯಿತಿ ಇಲ್ಲ ಅಂತಿದಾರೆ. ನಾಲ್ಕು ವರ್ಷದ್ದು ವಾಪಸ್ ಕಟ್ಟಬೇಕಂತೆ, ದಂಡ ಸೇರಿಸಿ. ನಿನ್ನ ಐದು ತಿಂಗಳ ಸಂಬಳ. ಯಾಕೆ ಹಾಗೆ ಬರೆದೆ?"

"ಅಪ್ಪ ಹೇಳಿದ್ರು."

"ನಿಮ್ಮಪ್ಪ ಹೇಳಿದ್ರೆ ನೀನು ಬಾವಿಗೂ ಹಾರ್ತೀಯ."

"ಊಟದ ಹೊತ್ತಲ್ಲಿ ಬಾವಿ ಗೀವಿ ಬೇಡ," ಎಂದರು ಅತ್ತೆ. "ಈ ಆಲೂಗಡ್ಡೆಗೆ ಉಪ್ಪು ಹಾಕಿದೀರೋ, ಇಲ್ಲ ತೋರಿಸಿ ತೆಗೆದಿದೀರೋ?"

ಅಪ್ಪನ ವಿಷಯವನ್ನು ಸ್ವಲ್ಪ ಹೇಳಬೇಕು. ಗಡಿಯಾಚೆಯ ಒಂದು ಗಿರಣಿಯಲ್ಲಿ ಮೂವತ್ತೆರಡು ವರ್ಷ ತೂಕದ ಗುಮಾಸ್ತರಾಗಿದ್ದವರು. ಲಾರಿ ತೂಕದ ಯಂತ್ರದ ತಟ್ಟೆಯ ಮೇಲೆ ನಿಂತರೆ ಅವರ ಬಾಯಿಂದ ಬಂದದ್ದೇ ತೂಕ, ಮಾಲೀಕನೂ ಎದುರಾಡುವಂತಿರಲಿಲ್ಲ. ಗಿರಣಿ ಮುಚ್ಚಿತು, ಪಿಂಚಣಿ ಅರ್ಧಕ್ಕಿಳಿಯಿತು, ಬಾಡಿಗೆ ಮಾತ್ರ ಯಾರ ಮಾತನ್ನೂ ಕೇಳದೆ ಏರುತ್ತ ಹೋಯಿತು. ಆಗ ಮಗಳು ದುಡ್ಡು ಕಳಿಸುತ್ತೇನೆಂದಳು. ಮಗಳ ದುಡ್ಡು ಮುಟ್ಟುವುದಿಲ್ಲ ಎಂದರು ಅಪ್ಪ. ಎರಡು ತಿಂಗಳು ಜಗ್ಗಾಡಿದ ಮೇಲೆ ಅಮ್ಮ ಒಂದು ದಾರಿ ಹುಡುಕಿದರು. ಸಾಲ ಅಂತ ತಗೊಳ್ಳಿ, ಆದಾಗ ತೀರಿಸಿ. ಅಪ್ಪ ಒಪ್ಪಿದರು, ಅಷ್ಟೇ ಅಲ್ಲ, ಅದನ್ನು ವ್ರತದಂತೆ ಹಿಡಿದುಬಿಟ್ಟರು. ಪ್ರತಿ ತಿಂಗಳೂ ದುಡ್ಡು ಬಂದ ದಿನ, "ಕ್ರಮಸಂಖ್ಯೆ ಇಷ್ಟು, ಸಾಲವಾಗಿ ಪಡೆದಿದ್ದೇನೆ" ಎಂದು ತಮ್ಮ ದುಂಡು ಅಕ್ಷರದಲ್ಲಿ ಬರೆದು, ಸಹಿ ಹಾಕಿ, ಅದರ ಫೋಟೊ ತೆಗೆದು ಕಳಿಸುತ್ತಿದ್ದರು. ಹನ್ನೊಂದು ವರ್ಷದಲ್ಲಿ ಒಮ್ಮೆ ಮಾತ್ರ ಮೇಸ್ತ್ರಿ ಅವಸರದಲ್ಲಿ ಕಾರಣದ ಜಾಗದಲ್ಲಿ 'ಮನೆಖರ್ಚು' ಎಂದು ಬರೆದಿದ್ದಳು. ಅಪ್ಪ ಒಂಬತ್ತು ದಿನ ಆ ದುಡ್ಡನ್ನು ಬ್ಯಾಂಕಿಂದ ತೆಗೆಯಲಿಲ್ಲ. ಅಮ್ಮ ಕಡ ಹೇಳಿ ಹಾಲು ತಂದರು. ಆಮೇಲೆ ಆ ತಪ್ಪು ಅವಳು ಮಾಡಲಿಲ್ಲ.

ಮಾರನೆಯ ದಿನ ಕೆಲಸ ಮುಗಿಸಿ ಮೇಸ್ತ್ರಿ ಮತ್ತು ಗಂಡ ಇಬ್ಬರೂ ಫಾರಂ ಮಾಮನ ಹತ್ತಿರ ಹೋದರು. ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಇಡೀ ಬಡಾವಣೆಯ ತೆರಿಗೆ ಫಾರಂ ತುಂಬುವವನನ್ನು ಎಲ್ಲರೂ ಹಾಗೆ ಕರೆಯುತ್ತಿದ್ದರು. ಅವನು ನೋಟಿಸನ್ನು ಮೂಗಿನ ತನಕ ತಂದು ಓದಿದ.

"ರಿಯಾಯಿತಿ ನಾನೇ ಹಾಕಿಕೊಟ್ಟೆ. ಆದ್ರೆ ಚೀಟಿಯಲ್ಲಿ ಸಾಲ ಅಂತ ಇದೆ ಅಂತ ನೀವು ನನಗೆ ಹೇಳ್ಲಿಲ್ವಲ್ಲಮ್ಮ."

"ನೀವು ಕೇಳ್ಲಿಲ್ಲ."

"ಕೇಳ್ಲಿಲ್ಲ, ಯಾಕಂದ್ರೆ ಇಪ್ಪತ್ತು ವರ್ಷದಲ್ಲಿ ಅಪ್ಪನಿಗೆ ಸಾಲ ಅಂತ ಬರೆದೋರನ್ನ ನಾನು ನೋಡಿಲ್ಲ. ನಿಮ್ಮ ಪುಣ್ಯ, ಅವರು ಇನ್ನೊಂದು ಪ್ರಶ್ನೆ ಕೇಳಿಲ್ಲ. ಸಾಲ ಅಂದ್ರೆ ಬಡ್ಡಿ ಎಲ್ಲಿ ಅನ್ನಬಹುದಿತ್ತು. ಬಡ್ಡಿ ಬಂದಿದ್ರೆ ಅದು ಆದಾಯ. ಅದಕ್ಕೂ ತೆರಿಗೆ."

"ಬಡ್ಡಿ ಅಂದ್ರಾ," ಎಂದು ಗಂಡ ನಕ್ಕ. ನಗುವಿನಲ್ಲಿ ಸಂತೋಷದ ಸುಳಿವೇ ಇರಲಿಲ್ಲ.

ದಾರಿ ಒಂದೇ ಇತ್ತು. ಇಲಾಖೆಯ ಫಾರಂ ಒಂದಕ್ಕೆ ಅಪ್ಪ ಅಮ್ಮ ಇಬ್ಬರೂ ಸಹಿ ಹಾಕಬೇಕು. ಅವರ ಊರಿನ ಅಧಿಕಾರಿಯ ಎದುರು ಹಾಕಿ, ಮೊಹರು ಹಾಕಿಸಿ, ಆರು ವಾರದೊಳಗೆ ತಲುಪಿಸಬೇಕು. ಫಾರಂ ಮಾಮ ಅದನ್ನು ಗಟ್ಟಿಯಾಗಿ ಓದಿದ. "ನನಗೆ ಜೀವನ ನಡೆಸಲು ಸಾಕಾಗುವಷ್ಟು ಸ್ವಂತ ವರಮಾನ ಇರುವುದಿಲ್ಲ. ನಾನು ಅನ್ನ, ವಸತಿ, ಔಷಧಿಗಾಗಿ ನನ್ನ ಮಗಳನ್ನು ಅವಲಂಬಿಸಿರುತ್ತೇನೆ. ಆಕೆ ಕಳಿಸಿದ ಹಣ ಸಾಲವಾಗಿರುವುದಿಲ್ಲ ಮತ್ತು ನಾನು ಅದನ್ನು ಹಿಂದಿರುಗಿಸುವುದಿಲ್ಲ."

"ಮೂರು ಸಾಲು," ಎಂದ ಗಂಡ. "ಮೂರು ಸಾಲಿಗೆ ಸಹಿ ಹಾಕೋದು ಏನು ಮಹಾ."

ಅಪ್ಪನನ್ನು ಬಲ್ಲವಳು ಮೇಸ್ತ್ರಿ. ಅವಳು ಫಾರಂ ಮಡಚಿ ಚೀಲಕ್ಕೆ ಹಾಕಿಕೊಂಡಳು.

ಫಾರಂ ತಲುಪಿದ ದಿನ ಅಪ್ಪನೇ ಫೋನ್ ಮಾಡಿದರು. ಅವಳು ಲಾಂಡ್ರಿಯಲ್ಲಿ ಮಧ್ಯಾಹ್ನದ ಬಿಡುವಿನಲ್ಲಿದ್ದಳು. ಒಣಗಿಸುವ ಯಂತ್ರಗಳ ಸದ್ದಿಗೆ ಒಂದು ಕಿವಿ ಮುಚ್ಚಿಕೊಂಡು ಬ್ರೆಡ್ಡು ತಿನ್ನುತ್ತಿದ್ದಳು.

"ಏನಿದು ನೀನು ಕಳಿಸಿರೋದು?"

"ಫಾರಂ ಅಪ್ಪ. ಸಹಿ ಮಾಡಿ ಕಳಿಸಿ. ಅಮ್ಮಂದೂ ಬೇಕು."

"ಓದಿದೀಯಾ ಇದನ್ನ?"

"ಓದಿದೀನಿ. ಅದು ಎಲ್ಲರಿಗೂ ಅಚ್ಚು ಹಾಕಿಸಿರೋದು. ನಿಮಗೆ ಅಂತ ಬರೆದಿರೋದಲ್ಲ."

"ಅನ್ನ, ವಸತಿ, ಔಷಧಿಗಾಗಿ. ನಾನೇನು ಅನಾಥಾಶ್ರಮದಲ್ಲಿದೀನಾ? ನನಗೆ ಪಿಂಚಣಿ ಬರಲ್ವಾ?"

"ಬರುತ್ತೆ. ಬಾಡಿಗೆಗೆ ಸಾಕಾಗಲ್ಲ."

"ಅದಕ್ಕೇ ಸಾಲ ತಗೊಂಡಿದೀನಿ. ನೂರ ಮೂವತ್ತೊಂದು ರಸೀದಿ ಕೊಟ್ಟಿದೀನಿ. ಈಗ ಸಾಲ ಅಲ್ಲ, ವಾಪಸ್ ಕೊಡಲ್ಲ ಅಂತ ಸಹಿ ಹಾಕಬೇಕಾ? ಅದೂ ಆ ಪುರಸಭೆ ಅಧಿಕಾರಿ ಎದುರು? ಅವನಪ್ಪ ನನ್ನ ಕೈಕೆಳಗೆ ಮೂಟೆ ಎಣಿಸ್ತಿದ್ದ."

ಹಿಂದಿನಿಂದ ಅಮ್ಮನ ದನಿ ಕೇಳಿಸಿತು. "ಹಾಕ್ಬಿಡಿ ಅಂದ್ರೆ, ಮಗು ಕಷ್ಟದಲ್ಲಿದೆ."

"ನೀನು ಸುಮ್ನಿರು," ಎಂದರು ಅಪ್ಪ ಅತ್ತ ತಿರುಗಿ. ಇತ್ತ ತಿರುಗಿ, "ಬೇರೆ ಒಕ್ಕಣೆ ನಾನೇ ಬರೆದು ಕಳಿಸ್ತೀನಿ. ಸರ್ಕಾರಕ್ಕೆ ಅರ್ಥ ಆಗೋ ಹಾಗೆ," ಎಂದರು.

ಹತ್ತು ದಿನದ ಮೇಲೆ ಅದು ಬಂತು. ನಾಲ್ಕು ಹಾಳೆ, ಎರಡೂ ಬದಿ. ಗಿರಣಿಯಲ್ಲಿನ ತಮ್ಮ ಸೇವೆ, ಗಿರಣಿ ಮುಚ್ಚಿದ ಅನ್ಯಾಯ, ಮಗಳಿಗೆ ಕೊಡಿಸಿದ ಓದು, ಅದಕ್ಕೆ ಆ ಕಾಲದಲ್ಲಿ ಆದ ಖರ್ಚು, ಎಲ್ಲವೂ ಅದರಲ್ಲಿತ್ತು. ಕೊನೆಯಲ್ಲಿ, "ಸದರಿ ಮಗಳು ತಾತ್ಕಾಲಿಕವಾಗಿ ಕೈಗಡ ನೀಡುತ್ತಿರುವುದು ನಿಜ" ಎಂದಿತ್ತು. ಅದರ ಕೆಳಗೆ ಸಹಿ.

ಫಾರಂ ಮಾಮ ಹಾಳೆಗಳನ್ನು ತಿರುವಿ ಹಾಕಿ ಕನ್ನಡಕ ತೆಗೆದ. "ಅಕ್ಷರ ಬಹಳ ಚೆನ್ನಾಗಿದೆ. ಇದನ್ನ ಇಲಾಖೆಗೆ ಕೊಟ್ರೆ ಐದು ತಿಂಗಳ ಸಂಬಳದ ಜೊತೆಗೆ ಬಡ್ಡಿ ಪ್ರಶ್ನೆನೂ ಶುರುವಾಗುತ್ತೆ. ಮನೇಲಿಟ್ಕೊಳ್ಳಿ."

ಅಲ್ಲಿಂದ ಮನೆಯ ಗಾಳಿಯೇ ಕೆಟ್ಟಿತು. ಗಂಡ ಭಾನುವಾರವೂ ಕೆಲಸಕ್ಕೆ ಹೋಗತೊಡಗಿದ. ಬಂದವನೇ ಗ್ರೀಸಿನ ಕೈ ತೊಳೆಯುತ್ತ ಬಚ್ಚಲಿನಿಂದಲೇ ಶುರು ಮಾಡುತ್ತಿದ್ದ.

"ಇವತ್ತು ಹನ್ನೆರಡನೇ ಮಹಡಿ. ಶಾಫ್ಟಿನೊಳಗೆ ಜೋತಾಡ್ಕೊಂಡು ನಿಮ್ಮಪ್ಪನ ಮಾನದ ಬಗ್ಗೆ ಯೋಚನೆ ಮಾಡ್ತಿದ್ದೆ. ಎಷ್ಟು ದುಬಾರಿ ಅಲ್ವಾ?"

"ನನ್ನ ಸಂಬಳದಿಂದ ಕಳಿಸ್ತೀನಿ. ನಿಮ್ಮದು ಮುಟ್ಟಿಲ್ಲ."

"ನಿನ್ನದು ನನ್ನದು ಅಂತ ಯಾವಾಗಿಂದ ಬಂತು? ಫೀಸು ಕಟ್ಟೋಕೆ ಇಟ್ಟಿರೋದು ಯಾರದ್ದು? ಅದನ್ನ ತೆಗೆದು ತೆರಿಗೆಯವರ ಬಾಯಿಗೆ ಹಾಕ್ತೀಯಾ?"

ಮಗಳು ಪುಸ್ತಕದಿಂದ ತಲೆ ಎತ್ತದೆ, "ನಾನು ಒಂದು ವರ್ಷ ಬಿಟ್ಟು ಸೇರ್ತೀನಿ, ಪರವಾಗಿಲ್ಲ," ಎಂದಳು. ಪರವಾಗಿಲ್ಲ ಎಂಬ ಮಾತನ್ನು ಎಷ್ಟು ಕೆಟ್ಟದಾಗಿ ಹೇಳಬಹುದೋ ಅಷ್ಟು ಕೆಟ್ಟದಾಗಿ ಹೇಳಿದಳು. ಸೀಟು ಒಂದು ವರ್ಷ ಕಾಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

"ಒಂದು ಕೆಲಸ ಮಾಡು," ಎಂದ ಗಂಡ. "ರಸೀದಿಗಳಲ್ಲಿ ಅವರ ಸಹಿ ನೂರಾ ಮೂವತ್ತೊಂದು ಸಲ ಇದೆ. ನೋಡಿ ಬರೆಯೋದು ಕಷ್ಟವಾ?"

"ಮೊಹರು ಎಲ್ಲಿಂದ ತರ್ತೀರಿ? ಜೈಲಿಗೆ ಹೋದ್ರೆ ಯಾರು ಅಡುಗೆ ಮಾಡ್ತಾರೆ?"

"ನಾನು ಮಾಡ್ತೀನಿ," ಎಂದರು ಅತ್ತೆ. "ಉಪ್ಪಾದ್ರೂ ಇರುತ್ತೆ."

ಐದನೆಯ ವಾರದ ಒಂದು ಬೆಳಿಗ್ಗೆ ಲಾಂಡ್ರಿಯಲ್ಲಿ ದೊಡ್ಡ ಯಂತ್ರವೊಂದು ಕೆಟ್ಟು ನಿಂತಿತು. ನೆಲದ ತುಂಬ ಸೋಪಿನ ನೀರು. ಮೂರು ವಾರ್ಡಿನವರು ಹಾಸುಬಟ್ಟೆ ಎಲ್ಲಿ ಎಂದು ಒಬ್ಬರ ಹಿಂದೊಬ್ಬರು ಫೋನ್ ಮಾಡುತ್ತಿದ್ದರು. ಆ ಹೊತ್ತಿಗೇ ಅಪ್ಪನ ಫೋನೂ ಬಂತು. ತಮ್ಮ ನಾಲ್ಕು ಹಾಳೆಗೆ ಇಲಾಖೆಯವರು ಏನೆಂದರು ಎಂದು ಕೇಳಿದರು. ಒಂದು ಕಡೆ ವ್ಯಾಕರಣ ಸರಿಯಿಲ್ಲ ಅನ್ನಿಸುತ್ತಿದೆ, ತಿದ್ದಿ ಕಳಿಸಲೇ ಎಂದೂ ಕೇಳಿದರು.

ಮೇಸ್ತ್ರಿಯ ಚಪ್ಪಲಿಯೊಳಗೆ ನೀರು ನುಗ್ಗಿತ್ತು.

"ಅಪ್ಪ, ಅದು ಸಾಲ ತಾನೇ?"

"ಹೌದು. ಅದನ್ನೇ ಹೇಳ್ತಿರೋದು."

"ಹಾಗಾದ್ರೆ ವಾಪಸ್ ಕೊಡಿ. ನೂರ ಮೂವತ್ತೊಂದು ತಿಂಗಳದ್ದೂ. ಈ ತಿಂಗಳ ಕೊನೆಯೊಳಗೆ ಕೊಡಿ, ನಾನು ದಂಡನೂ ಕಟ್ತೀನಿ, ಮಗಳ ಫೀಸೂ ಕಟ್ತೀನಿ. ಕೊಡೋಕಾಗಲ್ಲ ಅಂದ್ರೆ ಅದಕ್ಕೆ ಸಾಲ ಅಂತ ಹೆಸರಿಡಬೇಡಿ."

ಆ ಕಡೆ ಫೋನ್ ಇಟ್ಟ ಸದ್ದು ಕೇಳಿಸಿತು. ಅಪ್ಪ ತಾವೇ ಮೊದಲು ಫೋನ್ ಇಟ್ಟದ್ದು ಅವಳಿಗೆ ನೆನಪಿರುವಂತೆ ಇದೇ ಮೊದಲು. ಅವಳು ಅಲ್ಲೇ ಒದ್ದೆ ಬಟ್ಟೆಯ ಗಾಡಿಗೆ ಒರಗಿ ಅತ್ತಳು. ಕೈಕೆಳಗಿನ ಹೆಂಗಸೊಬ್ಬಳು ಬಂದು, "ಮೇಡಂ, ಯಂತ್ರ ಸರಿಹೋಗುತ್ತೆ ಬಿಡಿ," ಎಂದು ಸಮಾಧಾನ ಮಾಡಿದಳು.

ಎಂಟನೆಯ ದಿನ ಫಾರಂ ಬಂತು. ಎರಡು ಸಹಿ, ನೀಲಿ ಮೊಹರು, ತಾರೀಖು, ಎಲ್ಲವೂ ಇರಬೇಕಾದ ಕಡೆ ಇದ್ದವು. ಜೊತೆಗೆ ಒಂದು ಚೂರು ಕಾಗದವೂ ಇರಲಿಲ್ಲ. ಆ ತಿಂಗಳು ದುಡ್ಡು ತಲುಪಿದ ಮೇಲೆ ನೂರ ಮೂವತ್ತೆರಡನೆಯ ರಸೀದಿಯೂ ಬರಲಿಲ್ಲ.

ಇಲಾಖೆಯವರು ಒಪ್ಪಿಕೊಂಡರು. ದಂಡ ಹೋಯಿತು, ಫೀಸು ಕಟ್ಟಿ ಆಯಿತು. ಗಂಡ ಭಾನುವಾರ ಮನೆಯಲ್ಲಿ ಕಾಲು ಚಾಚಿ ಕೂತ. "ನೋಡಿದೆಯಾ? ಮೂರು ಸಾಲು," ಎಂದ. ಮೇಸ್ತ್ರಿಗೆ ಕೈಯಲ್ಲಿದ್ದ ತಟ್ಟೆಯನ್ನು ಅವನ ತಲೆಯ ಮೇಲೆ ಮಗುಚಬೇಕು ಅನ್ನಿಸಿತು.

ಏಕೆಂದರೆ ಅಷ್ಟರಲ್ಲಿ ಇನ್ನೊಂದು ಕಾಟ ಶುರುವಾಗಿತ್ತು. ಅಪ್ಪ ವಿಧೇಯರಾಗಿದ್ದರು.

"ಚಹಾಪುಡಿ ಮುಗಿದಿದೆ. ತರಿಸಲಾ?" ಎಂದು ಒಂದು ದಿನ ಫೋನು.

"ತರಿಸಿ ಅಪ್ಪ. ಇದನ್ನೂ ಕೇಳಬೇಕಾ?"

"ಕೇಳಬೇಕಲ್ಲ. ಅರ್ಧ ಕೇಜಿ ತರಿಸಲಾ, ಕಾಲು ಕೇಜಿನಾ?"

ಮರುದಿನ ಬಲ್ಬು. ಅದರ ಮರುದಿನ ಸೋಪು, ದೊಡ್ಡದು ತರುವುದೋ ಚಿಕ್ಕದೋ. ಅಂಗಡಿಯ ಬಿಲ್ಲುಗಳ ಫೋಟೊಗಳು ಬಂದು ಬೀಳತೊಡಗಿದವು, ಪ್ರತಿಯೊಂದರ ಕೆಳಗೂ "ನಿನ್ನ ಅವಗಾಹನೆಗೆ" ಎಂಬ ಒಕ್ಕಣೆ. ಇದು ಮುನಿಸೋ, ನಿಜವಾದ ವಿನಯವೋ ಅವಳಿಗೆ ಬಗೆಹರಿಯಲಿಲ್ಲ. ಮುನಿಸಾದರೆ ಜಗಳವಾಡಬಹುದಿತ್ತು. ಜಗಳಕ್ಕೆ ಕರೆದರೆ ಅಪ್ಪ ಬರುತ್ತಿರಲಿಲ್ಲ. ಹಿಂದೆ ಅವಳು ಮಗಳಿಗೆ ನಕ್ಷೆಯ ಕೋರ್ಸು ಎಂದಾಗ ಅರ್ಧ ಗಂಟೆ ವಾದ ಮಾಡಿದ್ದವರು, ಈಗ ಏನು ಕೇಳಿದರೂ "ನಿನಗೆ ಸರಿ ಕಂಡ ಹಾಗೆ" ಎನ್ನುತ್ತಿದ್ದರು.

"ತಾತ ಈಗ ನನಗಿಂತ ಒಳ್ಳೆ ಮಗು," ಎಂದಳು ಮಗಳು.

ಅಮ್ಮ ಒಂದು ದಿನ ತಾವಾಗಿಯೇ ಫೋನ್ ಮಾಡಿದರು, ಅಪ್ಪ ಹೊರಗೆ ಹೋದ ಹೊತ್ತು ನೋಡಿ. "ಪೇಪರ್ ಹಾಕಿಸೋದು ನಿಲ್ಲಿಸಿದಾರೆ ಕಣೆ. ಇನ್ನೊಬ್ಬರ ದುಡ್ಡಲ್ಲಿ ಪೇಪರ್ ಯಾಕೆ ಅಂತಾರೆ. ಬೆಳಿಗ್ಗೆ ಎದ್ದು ಗೋಡೆ ನೋಡ್ತಾ ಕೂತಿರ್ತಾರೆ. ನನ್ನ ಮೇಲೂ ರೇಗೋದಿಲ್ಲ. ನನಗೆ ಭಯ ಆಗುತ್ತೆ."

ಅದನ್ನು ಮೇಸ್ತ್ರಿ ಊಟದ ಮೇಜಿನ ಮೇಲೆ ಹೇಳಿದಳು. ಗಂಡ, "ವಯಸ್ಸಾಯ್ತು, ಮೆತ್ತಗಾಗಿದಾರೆ," ಎಂದು ಬ್ರೆಡ್ಡಿಗೆ ಕೈ ಚಾಚಿದ. ಅತ್ತೆ ಮಾತ್ರ ತಿನ್ನುವುದನ್ನು ನಿಲ್ಲಿಸಿದರು.

"ಮೆತ್ತಗಾಗೋದು ಬೇರೆ, ಇದು ಬೇರೆ," ಎಂದರು. "ನಾನು ಹದಿನಾಲ್ಕು ವರ್ಷದಿಂದ ನಿಮ್ಮ ಅನ್ನ ತಿಂತಿದೀನಿ. ಉಪ್ಪಿಲ್ಲ, ಖಾರ ಇಲ್ಲ ಅಂತ ದಿನಾ ಗೊಣಗ್ತೀನಲ್ಲ, ಯಾಕೆ ಅಂದ್ಕೊಂಡಿದೀಯ? ಗೊಣಗೋಳು ಮನೆಯವಳು. ಕೇಳಿ ತಿನ್ನೋಳು ಹೊರಗಿಂದ ಬಂದವಳು. ನನ್ನ ಕೈಲಿ ಯಾರೂ ಹಾಗೆ ಬರೆಸ್ಕೊಂಡಿಲ್ಲ. ಬರೆಸ್ಕೊಂಡಿದ್ರೆ ನನ್ನ ಗಂಟಲಲ್ಲೂ ತುತ್ತು ಇಳೀತಿರಲಿಲ್ಲ."

ಮೇಸ್ತ್ರಿ ಎದ್ದು ಅತ್ತೆಗೆ ಇನ್ನೊಂದು ಮೊಟ್ಟೆ ತಂದು ಹಾಕಿದಳು. ಅತ್ತೆ ಅದು ಸರಿಯಾಗಿ ಬೆಂದಿಲ್ಲವೆಂದರು.

ಮೂರು ವಾರದ ಮೇಲೆ ಆ ವರ್ಷದ ತೆರಿಗೆ ಲೆಕ್ಕ ಸಲ್ಲಿಸುವ ಗಡುವು ಬಂತು. ಫಾರಂ ಮಾಮ ಫೋನ್ ಮಾಡಿ, "ನಿಮ್ಮಪ್ಪನ ಕಾಗದ ಪ್ರತಿ ವರ್ಷ ಹೊಸದು ಬೇಕಮ್ಮ. ಹಳೇದು ನಡೆಯಲ್ಲ. ಕಾಗದ ಆಮೇಲೆ ಸೇರಿಸೋಕೆ ಒಂದು ತಿಂಗಳು ಟೈಮ್ ಕೊಡ್ತಾರೆ. ಆದ್ರೆ ರಿಯಾಯಿತಿ ಬೇಕೋ ಬೇಡ್ವೋ ಅನ್ನೋದನ್ನ ಸೋಮವಾರದೊಳಗೆ ಹೇಳ್ಬಿಡಿ," ಎಂದ.

ಶನಿವಾರ ಬೆಳಿಗ್ಗೆ ಬಟ್ಟೆ ಒಣಹಾಕುತ್ತ ಮೇಸ್ತ್ರಿ ಗಂಡನಿಗೆ ಹೇಳಿದಳು. "ಈ ಸಲ ರಿಯಾಯಿತಿ ಬೇಡ. ಇನ್ನು ಯಾವ ಸಲಾನೂ ಬೇಡ."

ಗಂಡ ಕೈಯಲ್ಲಿದ್ದ ಕ್ಲಿಪ್ಪುಗಳನ್ನು ಡಬ್ಬಿಗೆ ಹಾಕಿದ. "ಮತ್ತೆ ಹೇಳು."

"ನಮ್ಮಪ್ಪನ ಕೈಲಿ ಇನ್ನೊಂದು ಸಲ ಅದನ್ನ ಬರೆಸ್ಕೊಳ್ಳಲ್ಲ ನಾನು."

"ವರ್ಷಕ್ಕೆ ನಿನ್ನ ಒಂದು ತಿಂಗಳ ಸಂಬಳ ಅದು. ಎರಡನೇ ಕಂತಿನ ಫೀಸು ಎಲ್ಲಿಂದ ಬರುತ್ತೆ?"

"ಶನಿವಾರನೂ ಲಾಂಡ್ರಿಗೆ ಹೋಗ್ತೀನಿ."

"ಈ ಮನೇಲಿ ಎಲ್ಲರ ಮಾನಕ್ಕೂ ಬೆಲೆ ಇದೆ. ನನ್ನ ಸೊಂಟ ಒಂದಕ್ಕೆ ಬೆಲೆ ಇಲ್ಲ," ಎಂದ ಗಂಡ. "ನಿಮ್ಮಪ್ಪ ಗೋಡೆ ನೋಡ್ತಾರೆ ಅಂತ ನಾನು ವರ್ಷವಿಡೀ ಭಾನುವಾರ ಲಿಫ್ಟಿನ ಗುಂಡಿ ನೋಡ್ಬೇಕು. ಆಯ್ತು. ಆದ್ರೆ ಒಂದು ಮಾತು. ಇದನ್ನ ನೀನೇ ಅವರಿಗೆ ಹೇಳು. ಅವರಿಗೋಸ್ಕರ ಏನು ಬಿಟ್ವಿ ಅಂತ ಗೊತ್ತಾಗ್ಲಿ."

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ರೇಗಿತು.

ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿರುವಾಗಲೇ ಅವಳು ಫೋನ್ ಮಾಡಿ, ಎಲ್ಲರಿಗೂ ಕೇಳಿಸುವಂತೆ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು.

"ಅಪ್ಪ, ಆ ಫಾರಂ ಇನ್ನು ಬೇಡ. ಈ ವರ್ಷದಿಂದ ನಾನು ರಿಯಾಯಿತಿ ಕೇಳ್ತಿಲ್ಲ. ನೀವು ಸಹಿ ಹಾಕಬೇಕಾಗಿಲ್ಲ. ಬೇಕಾದ್ರೆ ಮುಂದಿನ ತಿಂಗಳಿಂದ ಚೀಟಿಯಲ್ಲಿ ಸಾಲ ಅಂತಲೇ ಬರೀತೀನಿ."

ಫೋನು ಕಟ್ಟಾಯಿತೇನೋ ಎಂದು ಮಗಳು ಬಗ್ಗಿ ನೋಡಿದಳು.

"ಬೇಡ," ಎಂದರು ಅಪ್ಪ.

"ಏನು ಬೇಡ?"

"ಸಾಲ ಅಂತ ಬರೀಬೇಡ. ಆ ಅಧಿಕಾರಿ ಎದುರು ಕೂತು ಸಹಿ ಹಾಕ್ತಾ ನಾನು ಲೆಕ್ಕ ಹಾಕಿದೆ. ನನ್ನ ಪಿಂಚಣಿಯಲ್ಲಿ ನಿನ್ನ ದುಡ್ಡು ತೀರಿಸಬೇಕಾದ್ರೆ ನಾನು ಇನ್ನೂ ಅರವತ್ತು ವರ್ಷ ಊಟ ಬಿಟ್ಟು ಬದುಕಬೇಕು. ಅದು ನನಗೆ ಮೊದಲ ತಿಂಗಳೇ ಗೊತ್ತಿತ್ತು. ನಿನಗೆ?"

"ನನಗೂ ಗೊತ್ತಿತ್ತು."

"ಗೊತ್ತಿದ್ದೂ ಹನ್ನೊಂದು ವರ್ಷ ಬರೆದೆಯಲ್ಲ."

"ನೀವು ಹೇಳಿದ್ರಿ."

"ಹೇಳಿದೆ," ಎಂದರು. ದನಿ ಸಣ್ಣದಾಯಿತು. "ಆವತ್ತು ನೀನು ವಾಪಸ್ ಕೊಡಿ ಅಂದಾಗ ಎರಡು ದಿನ ನಿನ್ನ ಮೇಲೆ ಸಿಟ್ಟಿತ್ತು. ಆಮೇಲೆ ನಾಚಿಕೆ ಆಯ್ತು. ಚಹಾಪುಡಿ, ಸೋಪು ಅಂತೆಲ್ಲ ಕೇಳ್ತಾ ಇದ್ದೆನಲ್ಲ, ಅದು ನಾಟಕ ಅಲ್ಲ. ಬೇರೆ ಒಂದು ಕೇಳೋದಿತ್ತು. ಬಾಯಿಗೆ ಬರ್ತಿರಲಿಲ್ಲ. ಅದಕ್ಕೆ ಬದಲು ಚಹಾಪುಡಿ ಬರ್ತಿತ್ತು."

"ಏನಪ್ಪ ಅದು?"

"ನಿನ್ನ ಅಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿದೆ. ತೆಗೆಸಬೇಕು ಅಂತ ಡಾಕ್ಟರು ಹೇಳಿ ವರ್ಷ ಆಯ್ತು. ಬಲಗಣ್ಣು ಈಗ ಪೂರ್ತಿ ಮಂಜು. ಅವಳು ಗೋಡೆ ಹಿಡ್ಕೊಂಡು ಓಡಾಡ್ತಾಳೆ."

ಮೇಸ್ತ್ರಿ ಫೋನಿನ ಮೇಲೆ ಬಗ್ಗಿದಳು. "ವರ್ಷವಾ? ಒಂದು ವರ್ಷದಿಂದ ನನಗೆ ಹೇಳ್ಲಿಲ್ವಾ? ಅಮ್ಮ ಯಾಕೆ ಹೇಳ್ಲಿಲ್ಲ? ಮೊನ್ನೆ ಪೇಪರಿನ ವಿಷಯ ಹೇಳೋಕೆ ಫೋನ್ ಮಾಡಿದ್ಲಲ್ಲ."

"ನಾನು ಆಣೆ ಹಾಕಿಸಿದ್ದೆ. ಸಾಲ ಜಾಸ್ತಿ ಆಗುತ್ತೆ ಅಂತ," ಎಂದರು ಅಪ್ಪ. "ತೀರಿಸೋಕಾಗದ ಸಾಲ ಜಾಸ್ತಿ ಆಗುತ್ತೆ ಅಂತ ಅವಳ ಕಣ್ಣು ಹೋಗೋದಕ್ಕೆ ಬಿಟ್ಟಿದೀನಿ. ಯಾರಿಗಾದ್ರೂ ಹೇಳೋ ಮಾತಾ ಇದು?"

"ಅಲ್ಲ," ಎಂದಳು ಮೇಸ್ತ್ರಿ. "ಹೇಳೋ ಮಾತಲ್ಲ. ನಿಮ್ಮಂಥ ಮೊಂಡು ಮನುಷ್ಯರನ್ನ ನಾನು ಈ ಜನ್ಮದಲ್ಲಿ ನೋಡಿಲ್ಲ. ಎರಡು ತಿಂಗಳಿಂದ ನನಗೆ ಸೋಪಿನ ಬಿಲ್ಲು ಕಳಿಸ್ತಿದೀರಲ್ಲ ಅಪ್ಪ."

"ಬೈ. ಬೈಸ್ಕೊಳ್ಳೋದಕ್ಕೇ ಫೋನ್ ಇಡದೆ ಕೂತಿದೀನಿ."

ಎದುರಿಗೆ ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು.

"ಎಷ್ಟಾಗುತ್ತಂತೆ?" ಎಂದು ಕೇಳಿದವನು ಗಂಡ.

ಅಪ್ಪ ಅಳಿಯನಿಗೆ ಮೊತ್ತ ಹೇಳಿದರು. ಪೈಸೆಯ ತನಕ ಹೇಳಿದರು. ಗಂಡ ಕಣ್ಣು ಮುಚ್ಚಿ, ಯಾವುದೋ ಎತ್ತರದ ಕಟ್ಟಡದ ಮಹಡಿಗಳನ್ನು ಎಣಿಸುವವನಂತೆ ಕೂತ.

"ಆ ಫಾರಂ ಕಳಿಸಿ," ಎಂದರು ಅಪ್ಪ ಅವನಿಗೆ. "ರಿಯಾಯಿತಿ ಯಾಕೆ ಬಿಡ್ತೀರಿ? ನಾಳೆಯೇ ಹೋಗಿ ಸಹಿ ಹಾಕ್ತೀನಿ. ಅಲ್ಲಿ ಬರೆದಿರೋದು ಇದ್ದದ್ದೇ ತಾನೇ."

ಗಂಡ ಹೆಂಡತಿಯ ಮುಖ ನೋಡಿದ. ನಾಳೆ ಸೋಮವಾರ, ಫಾರಂ ಮಾಮನ ಅಂಗಡಿ ಒಂಬತ್ತಕ್ಕೆ ತೆರೆಯುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಅವಳು ಆಗಲಿ ಎಂದು ತಲೆಯಾಡಿಸಿದಳು. ಮುಖ ಒರೆಸಿಕೊಂಡು ಫೋನನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಇನ್ನೇನಾದ್ರೂ ಇದೆಯಾ ಅಪ್ಪ? ಮುಚ್ಚಿಟ್ಟಿರೋದು? ಇದ್ರೆ ಈಗಲೇ ಹೇಳಿಬಿಡಿ."

"ಇದೆ," ಎಂದರು ಅಪ್ಪ. "ಪೆನ್ನು ತಗೋ."